ಡಂಬೋದ ಎ.ಐ.ಆರ್. ಗ್ಯಾಲರಿ: ಒಂದು ಮಧ್ಯಾಹ್ನಕ್ಕೆ

ನ್ಯೂಜೆರ್ಸಿಯಲ್ಲೋ ನ್ಯೂಯಾರ್ಕ್‌ನಲ್ಲೋ ಇರುವ ಮಕ್ಕಳ ಮನೆಗೆ ಹೊರಟವರು ನೋಡಬೇಕಾದ ಜಾಗಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬಹುದು. ಬ್ರೂಕ್ಲಿನ್‌ನ ಡಂಬೋ ಬಡಾವಣೆಯಲ್ಲಿರುವ ಈ ಪುಟ್ಟ ಗ್ಯಾಲರಿಗೆ ಪ್ರವೇಶ ಉಚಿತ. ಒಂದು ಗಂಟೆ ಧಾರಾಳವಾಯಿತು.

ಏನಿದರ ವಿಶೇಷ?
ಗ್ಯಾಲರಿಗಳು ಹೆಂಗಸರ ಕೃತಿಗಳನ್ನು ಅಪರೂಪಕ್ಕಷ್ಟೇ ತೋರಿಸುತ್ತಿದ್ದ ಕಾಲ. 1972ರಲ್ಲಿ 20 ಕಲಾವಿದೆಯರು ಸೇರಿ ಮ್ಯಾನ್‌ಹಟನ್‌ನ ಸೋಹೋದಲ್ಲಿ ತಮ್ಮದೇ ಗ್ಯಾಲರಿ ತೆರೆದರು. ಹೆಂಗಸರೇ ಸಹಕಾರಿ ಪದ್ಧತಿಯಲ್ಲಿ ನಡೆಸಿದ ಅಮೆರಿಕದ ಮೊದಲ ಗ್ಯಾಲರಿಯಿದು. ವಂತಿಗೆ ಅವರದೇ, ಗೋಡೆಯ ಮೇಲೆ ಏನಿರಬೇಕೆಂಬ ತೀರ್ಮಾನವೂ ಅವರದೇ. ನ್ಯಾನ್ಸಿ ಸ್ಪೆರೋ, ಹವರ್ಡೀನಾ ಪಿಂಡೆಲ್ ಆ ಮೊದಲ ಗುಂಪಿನವರು. ಅಲೀಗಢದಲ್ಲಿ ಹುಟ್ಟಿದ ಝರೀನಾ 1980ರಲ್ಲಿ ಆನಾ ಮೆಂಡಿಯೆಟಾ, ಕಜುಕೋ ಮಿಯಾಮೋಟೋ ಜೊತೆಗೂಡಿ ಅಮೆರಿಕದಲ್ಲಿದ್ದ ತೃತೀಯ ಜಗತ್ತಿನ ಕಲಾವಿದೆಯರ ಪ್ರದರ್ಶನವನ್ನು ಏರ್ಪಡಿಸಿದ್ದು ಈ ಗ್ಯಾಲರಿಯಲ್ಲೇ. ಗ್ಯಾಲರಿ ಸೋಹೋದಿಂದ ಡಂಬೋಗೆ ಬಂದದ್ದು ಆಮೇಲೆ.

ಹೋಗುವುದು ಹೇಗೆ?
ವಿಳಾಸ: 155, ಪ್ಲಿಮತ್ ಸ್ಟ್ರೀಟ್. ಮ್ಯಾನ್‌ಹಟನ್‌ನಿಂದ ‘ಎಫ್’ ರೈಲು ಹಿಡಿದು ಯಾರ್ಕ್ ಸ್ಟ್ರೀಟ್‌ನಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ನ್ಯೂಜೆರ್ಸಿಯಿಂದ ಬರುವವರು ಪಾಥ್ ರೈಲಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ತಲುಪಿ, ‘ಎ’ ಅಥವಾ ‘ಸಿ’ ರೈಲಿಗೆ ಬದಲಾಯಿಸಿ ಹೈ ಸ್ಟ್ರೀಟ್‌ನಲ್ಲಿ ಇಳಿಯಬೇಕು. ಮಂಡಿನೋವಿನವರಿಗೆ ಮೆಟ್ಟಿಲು ತಪ್ಪಿಸಲು ಈಸ್ಟ್ ನದಿಯ ಫೆರಿ ಅನುಕೂಲ. ಅಲ್ಲಿನ ಬೀದಿಗಳಿಗೆ ಕಲ್ಲು ಹಾಸಿದೆ. ತೆಳು ಚಪ್ಪಲಿ ಬೇಡ.

ಯಾವಾಗ?
ಬುಧವಾರದಿಂದ ಭಾನುವಾರದವರೆಗೆ, ಮಧ್ಯಾಹ್ನ 12ರಿಂದ ಸಂಜೆ 6. ಒಂದು ಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವ ನಡುವೆ ಬಾಗಿಲು ಮುಚ್ಚಿರುತ್ತದೆ. ಹೊರಡುವ ಮುನ್ನ ವೆಬ್‌ಸೈಟ್ ನೋಡಿಕೊಳ್ಳಿ.

ನೋಡುವುದು ಹೇಗೆ?
ಹೆಸರಾಂತ ಹಳೆಯ ಕೃತಿಗಳನ್ನು ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಇಲ್ಲಿರುವುದು ಈಗ ಕೆಲಸ ಮಾಡುತ್ತಿರುವವರ ಕೃತಿಗಳು. ನೀವು ಹೆಸರೇ ಕೇಳಿರದವರೂ ಇದ್ದಾರು. ಮೊದಲು ಕೃತಿಗಳನ್ನು ಒಂದು ಸುತ್ತು ನೋಡಿ, ಆಮೇಲೆ ಅವುಗಳ ವಿವರ ಓದಿ, ಮತ್ತೊಂದು ಸುತ್ತು ಬನ್ನಿ. ಸಂದೇಹಗಳಿದ್ದರೆ ಮೇಜಿನ ಬಳಿ ಇರುವವರನ್ನು ಸಂಕೋಚವಿಲ್ಲದೆ ಕೇಳಿ.

ಜೊತೆಗೆ ಇನ್ನೇನು?
ಅದೇ ದಿನ ಬೆಳಿಗ್ಗೆ ಬ್ರೂಕ್ಲಿನ್ ಮ್ಯೂಸಿಯಂಗೆ ಹೋಗಿ (ಟಿಕೆಟ್ ಉಂಟು). ಅಲ್ಲಿನ ನಾಲ್ಕನೇ ಮಹಡಿಯಲ್ಲಿ ಜೂಡಿ ಶಿಕಾಗೋ ಅವರ ‘ದ ಡಿನ್ನರ್ ಪಾರ್ಟಿ’ ಇದೆ: ಮುಕ್ಕೋನದ ಮೇಜಿನ ಮೇಲೆ 39 ಮಹಿಳೆಯರ ಹೆಸರಿನಲ್ಲಿ 39 ಎಡೆ. ಊಟ ಮುಗಿಸಿಕೊಂಡು ಡಂಬೋಗೆ ಬಂದರೆ ಗ್ಯಾಲರಿ ತೆರೆದಿರುತ್ತದೆ. ಸೋಮವಾರ, ಮಂಗಳವಾರ ಎರಡಕ್ಕೂ ರಜೆ.