ನಂಬಿದುದನ್ನು ನುಡಿಯುವ ಧೈರ್ಯ

ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತ ನಿಂತು, ದಾಸಿಯೊಬ್ಬಳ ಪ್ರಶ್ನೆಗೆ ಬೆದರಿ, ಕೋಳಿ ಕೂಗುವುದರೊಳಗಾಗಿ ಮೂರು ಬಾರಿ ತನ್ನ ಗುರುವನ್ನು ಅರಿಯೆನೆಂದ ಪೇತ್ರನೇ, ಪಂಚಾಶತ್ತಮ ದಿನದ ಹಬ್ಬದಂದು ಅದೇ ಯೆರೂಸಲೇಮಿನ ಜನಸಮೂಹದೆದುರು ಆತನ ನಾಮವನ್ನು ನಿರ್ಭಯನಾಗಿ ಸಾರಿದನೆಂಬುದನ್ನು ಕ್ರೈಸ್ತ ಸಹೋದರ ಸಹೋದರಿಯರು ಮರೆಯಲಾಗದು. ಆ ಹಬ್ಬಕ್ಕೆ ಮುಂಚಿನ ದಿನಗಳನ್ನು ಅವನು ಸಹವಿಶ್ವಾಸಿಗಳೊಡನೆ ಪ್ರಾರ್ಥನೆಯಲ್ಲಿ ಕಳೆದಿದ್ದನು. ನಮ್ಮ ಧೈರ್ಯಕ್ಕೂ ಅದೇ ಮೂಲ. ಆದುದರಿಂದ, ವಾಗ್ವಾದಕ್ಕಿಳಿಯದೆ, ಅನ್ಯರ ಶ್ರದ್ಧೆಯನ್ನು ಹಳಿಯದೆ, ಕಚೇರಿಯಲ್ಲಿ ಬುತ್ತಿ ಬಿಚ್ಚಿದಾಗ ಸ್ನೇಹಿತರ ನಡುವೆಯೇ ಕಣ್ಮುಚ್ಚಿ ದೇವರಿಗೆ ಕೃತಜ್ಞತೆಯನ್ನರ್ಪಿಸಿರಿ. ಭಾನುವಾರ ಎಲ್ಲಿಗೆ ಹೋಗಿದ್ದಿರೆಂದು ಕೇಳಿದವರಿಗೆ ದೇವಾಲಯಕ್ಕೆ ಆರಾಧನೆಗೆಂದು ಸಂಕೋಚವಿಲ್ಲದೆ ಹೇಳಿರಿ. ಕಾರಣವನ್ನು ಕೇಳಿದಲ್ಲಿ, ಪೇತ್ರನು ತನ್ನ ಪತ್ರಿಕೆಯಲ್ಲಿ ಬೋಧಿಸಿರುವಂತೆ, ನಿಮ್ಮ ನಿರೀಕ್ಷೆಗೆ ಆಧಾರವೇನೆಂಬುದನ್ನು ವಿನಯದಿಂದ ತಿಳಿಸಿರಿ. ನಿಮ್ಮ ನಡತೆಯು ಆ ನುಡಿಗೆ ಒಪ್ಪುವಂತಿರಲಿ, ಅಂಜದಿರಿ.