ಚೈನ್ ಗರಗಸ ಕೊಳ್ಳುವ ಮುನ್ನ: ತೂಕವೆಷ್ಟು, ಬಲವೆಷ್ಟು?

ಹಿರೇಕೆರೂರು ಸೀಮೆಯಲ್ಲಿ ಮರ ಕೊಯ್ಯುವ ಕೆಲಸ ಎರಡು ಬಗೆಯದು. ಬದುವಿನ ಮೇಲಿನ ಕರಿಜಾಲಿ, ಬೇವು, ಹುಣಿಸೆ, ಮಾವಿನ ಮರಗಳನ್ನು ಊರೂರು ತಿರುಗಿ ಕೊಯ್ದು, ತುಂಡು ಮಾಡಿ ಗಾಡಿಗೆ ಹೇರಿಸುವುದು ಕಸಬುದಾರರ ಕೆಲಸ. ಗಾಳಿಮಳೆಗೆ ಅಡ್ಡಬಿದ್ದ ಅಡಿಕೆ ಮರ ಸರಿಸುವುದು, ಮಾವಿನ ಒಣಕೊಂಬೆ ತೆಗೆಯುವುದು, ಒಲೆಗೆ ಕಟ್ಟಿಗೆ ಮಾಡಿಕೊಳ್ಳುವುದು ರೈತನು ವರ್ಷದಲ್ಲಿ ಎಂಟು ಹತ್ತು ದಿನ ಮಾಡುವ ಕೆಲಸ. ಹಿಂದೆ ಎರಡಕ್ಕೂ ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ ಸಾಕಾಗುತ್ತಿದ್ದವು. ಈಗ ಇಬ್ಬರೂ ಚೈನ್ ಗರಗಸ ಕೊಳ್ಳುತ್ತಾರೆ, ಅಂಗಡಿಯಲ್ಲಿ ಇಬ್ಬರೂ ಒಂದೇ ಮಾತು ಕೇಳುತ್ತಾರೆ: “ಎಲ್ಲಕ್ಕಿಂತ ದೊಡ್ಡದು ಯಾವುದು?” ಈ ಪ್ರಶ್ನೆ ಕಸಬುದಾರನಿಗೂ ಪೂರ್ತಿ ಸರಿಯಲ್ಲ, ರೈತನಿಗಂತೂ ಸಲ್ಲದು.

ಈ ಯಂತ್ರದ ಚರಿತ್ರೆಯೆಂದರೆ ತೂಕ ಇಳಿಸುತ್ತ ಬಂದ ಚರಿತ್ರೆಯೇ ಆಗಿದೆ. ಜರ್ಮನಿಯ ಆಂದ್ರೆಯಾಸ್ ಸ್ಟೀಲ್ ಎಂಬ ಎಂಜಿನಿಯರರು 1929ರಲ್ಲಿ ತಯಾರಿಸಿದ ಪೆಟ್ರೋಲ್ ಗರಗಸವು 6 ಅಶ್ವಶಕ್ತಿಯದು, ತೂಕ 46 ಕಿಲೋ. ಇಬ್ಬರು ಹಿಡಿಯದೆ ಅದು ಏಳುತ್ತಿರಲಿಲ್ಲ. ಅದೇ ಕಾರಖಾನೆ 1959ರಲ್ಲಿ ಹೊರತಂದ ‘ಕಾಂಟ್ರಾ’ ಎಂಬ ಗರಗಸದ ಬಲವೂ ಆರೇ ಅಶ್ವಶಕ್ತಿ, ಆದರೆ ತೂಕ 12 ಕಿಲೋ. ಇಂದು ಅಷ್ಟೇ ಬಲ 6-7 ಕಿಲೋದ ಯಂತ್ರದಲ್ಲಿ ದೊರೆಯುತ್ತದೆ. ಮೂವತ್ತು ವರ್ಷ ದುಡಿದು ಅಷ್ಟು ಭಾರ ಇಳಿಸಿದ್ದು ಸುಮ್ಮನೆ ಅಲ್ಲ. ಬಲವು ಹಲ್ಲು ಮರದಲ್ಲಿರುವಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ತೂಕವನ್ನಾದರೋ ದಿನವಿಡೀ ಹೊರಬೇಕು.

ಬಲವನ್ನು ಅಳೆಯುವುದು ಹೇಗೆ? ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 52 ಸಿ.ಸಿ., 58 ಸಿ.ಸಿ. ಎಂದು ಬರೆದಿರುತ್ತಾರೆ. ಅದು ಸಿಲಿಂಡರಿನ ಒಳಗಿನ ಅಳತೆಯೇ ಹೊರತು ಬಲದ ಅಳತೆಯಲ್ಲ. ಆ ಅಳತೆಯನ್ನೂ ನೀವೇ ಪರೀಕ್ಷಿಸಬಹುದು. ಕೈಪಿಡಿಯಲ್ಲಿ ಸಿಲಿಂಡರಿನ ವ್ಯಾಸ 45.2 ಮಿ.ಮೀ., ಪಿಸ್ಟನ್ನಿನ ಓಟ 32.5 ಮಿ.ಮೀ. ಎಂದಿದ್ದರೆ, 4.52ನ್ನು 4.52ರಿಂದ ಗುಣಿಸಿ, ಬಂದುದನ್ನು 0.785ರಿಂದಲೂ 3.25ರಿಂದಲೂ ಗುಣಿಸಿರಿ. 52 ಬರುತ್ತದೆ. ಅಂಥ ಯಂತ್ರದ ಮೇಲೆ 58 ಎಂದು ಬರೆದಿದ್ದರೆ ಅಂಗಡಿಯವನನ್ನು ವಿಚಾರಿಸಬೇಕು. ನಿಜವಾದ ಬಲವನ್ನು ಕಿಲೋವ್ಯಾಟಿನಲ್ಲಿ ಕೊಟ್ಟಿರುತ್ತಾರೆ, ಅದನ್ನು 1.36ರಿಂದ ಗುಣಿಸಿದರೆ ಅಶ್ವಶಕ್ತಿ.

ಇನ್ನು ಮುಖ್ಯವಾದ ಲೆಕ್ಕ. ಕಿಲೋವ್ಯಾಟನ್ನು ಕಿಲೋದಿಂದ ಭಾಗಿಸಿ ನೋಡಿರಿ. 5.5 ಕಿಲೋ ತೂಗಿ 2.2 ಕಿಲೋವ್ಯಾಟ್ ಕೊಡುವ ಯಂತ್ರಕ್ಕೆ 0.4 ಬರುತ್ತದೆ. 4.6 ಕಿಲೋ ತೂಗಿ 2.3 ಕಿಲೋವ್ಯಾಟ್ ಕೊಡುವುದಕ್ಕೆ 0.5. ಎರಡನೆಯದು ಹೆಚ್ಚು ಹಣ ಕೇಳಬಹುದು, ಆದರೆ ಸುಮಾರು ಒಂದು ಕಿಲೋ ಭಾರ ಕಡಿಮೆಯಾಗಿ ಅಷ್ಟೇ ಕೆಲಸ ಮಾಡುತ್ತದೆ. ಕಸಬುದಾರರ ಒಳ್ಳೆಯ ಗರಗಸಗಳಲ್ಲಿ ಈ ಅಂಕಿ 0.6ರ ಮೇಲಿರುತ್ತದೆ. 5 ಕಿಲೋ ಮೀರಿದ ಯಂತ್ರದಲ್ಲಿ 0.4ಕ್ಕಿಂತ ಕಡಿಮೆ ಬಂದರೆ, ಅದು ಬಲವಿಲ್ಲದ ಭಾರವೆಂದು ತಿಳಿಯಬೇಕು.

ಕೈಪಿಡಿಯ ತೂಕವು ಬರಿಯ ಯಂತ್ರದ್ದೆಂಬುದನ್ನು ಮರೆಯಬಾರದು. 5 ಕಿಲೋ ಎಂದು ಬರೆದ ಗರಗಸಕ್ಕೆ ಚೈನು ಮತ್ತು ಅದು ಸುತ್ತುವ ಉದ್ದನೆಯ ಬಾರು ಸೇರಿದರೆ ಒಂದು ಕಿಲೋದ ಮೇಲೆ ಏರುತ್ತದೆ. ಅರ್ಧ ಲೀಟರು ಪೆಟ್ರೋಲು, ಕಾಲು ಲೀಟರು ಚೈನ್ ಎಣ್ಣೆ ಹಾಕಿದರೆ ಇನ್ನೂ ಅರ್ಧ ಕಿಲೋ ದಾಟುತ್ತದೆ. ಕೈಗೆ ಬರುವುದು ಹತ್ತಿರ ಹತ್ತಿರ 7 ಕಿಲೋ.

ಹಾಗಾದರೆ ಯಾರಿಗೆ ಯಾವುದು? ವರ್ಷಕ್ಕೆ ಹತ್ತು ದಿನದ ಕೆಲಸವುಳ್ಳ ರೈತನಿಗೆ 30-35 ಸಿ.ಸಿ., ಸುಮಾರು ಒಂದೂವರೆ ಕಿಲೋವ್ಯಾಟ್, 4 ಕಿಲೋ ತೂಕದ, 14 ಅಥವಾ 16 ಅಂಗುಲ ಬಾರಿನ ಗರಗಸ ಸಾಕು. ಒಂದು ಗೇಣು ದಪ್ಪದ ಕೊಂಬೆ, ಅಡಿಕೆ ಮರ ಇದರಿಂದ ನಿರಾತಂಕವಾಗಿ ಕೊಯ್ಯಬಹುದು. ಬದುವಿನಲ್ಲಿ ಜಾಲಿ, ಬೇವು ಹೆಚ್ಚಾಗಿದ್ದರೆ, ತೆಂಗಿನ ತೋಟವಿದ್ದರೆ 45 ಸಿ.ಸಿ.ಯದನ್ನು ನೋಡಬಹುದು. ತೆಂಗಿನ ಹೊರಸುತ್ತು ಬಲು ಗಟ್ಟಿ, ಅದರ ನಾರು ಚೈನಿನ ಮುಚ್ಚಳದೊಳಗೆ ತುಂಬಿಕೊಂಡು ಕೆಲಸ ತಡೆಯುತ್ತದೆ. ಅದಕ್ಕಿಂತ ದೊಡ್ಡದು ರೈತನಿಗೆ ಬೇಡವೆಂಬುದು ನಮ್ಮ ಅಭಿಪ್ರಾಯ. ದೊಡ್ಡ ಮರ ಬಿದ್ದ ದಿನ ಕಸಬುದಾರನನ್ನು ಕರೆಯುವುದು ಸೋವಿ. ನಾಲ್ಕು ಮನೆಯವರು ಕೂಡಿ ಒಂದನ್ನು ಕೊಳ್ಳುವುದೂ ಉಂಟು. ಆಗ ಚೈನು ಅರೆಯುವ ಹೊಣೆ ಒಬ್ಬನದೇ ಇರಲಿ.

ದಿನಗೂಲಿಯ ಮೇಲೆ ವರ್ಷವಿಡೀ ಕೊಯ್ಯುವವನಿಗೆ 60-72 ಸಿ.ಸಿ., ಮೂರೂವರೆ ಕಿಲೋವ್ಯಾಟಿನ ಆಚೀಚೆ, 6 ಕಿಲೋದ ಗರಗಸವೇ ಸರಿ. ಒಣಗಿದ ಜಾಲಿ, ಹುಣಿಸೆಯ ಬೊಡ್ಡೆಗಳಲ್ಲಿ ಚಿಕ್ಕದನ್ನು ಒತ್ತಿ ಒತ್ತಿ ಓಡಿಸಿದರೆ ಎಂಜಿನು ಬೇಗ ಸುಡುತ್ತದೆ, ಕೂಲಿಯೂ ಗಿಟ್ಟುವುದಿಲ್ಲ. 90 ಸಿ.ಸಿ.ಯ ಗರಗಸ ಘಟ್ಟದ ಹೆಮ್ಮರಗಳಿಗೆ ತಕ್ಕದ್ದು. ನಮ್ಮ ಬದುಗಳಲ್ಲಿ ಅದಕ್ಕೆ ಕೆಲಸ ಅಪರೂಪ. ಚಿಕ್ಕ ಯಂತ್ರಕ್ಕೆ ಉದ್ದನೆಯ ಬಾರು ಹಾಕಿಸುವ ಆಸೆಯೂ ಬೇಡ. ಮರದಲ್ಲಿ ಹೆಚ್ಚು ಹಲ್ಲು ಹೂತಷ್ಟೂ ಎಂಜಿನು ಕುಂದಿ ಚೈನು ನಿಲ್ಲುತ್ತದೆ.

ಕಸಬುದಾರನು ಇನ್ನೊಂದನ್ನು ನೋಡಲೇಬೇಕು. ಹಿಡಿಕೆಯ ಕಂಪನದಿಂದ ವರ್ಷಗಳ ಮೇಲೆ ಬೆರಳುಗಳಿಗೆ ರಕ್ತದ ಓಟ ಕುಂದಿ, ಅವು ಬಿಳಿಚಿ ಮರಗಟ್ಟುತ್ತವೆ. ಒಮ್ಮೆ ಬಲಿತರೆ ಇದು ಪೂರ್ತಿ ಗುಣವಾಗುವುದು ಕಷ್ಟ. ಕೈಪಿಡಿಯಲ್ಲಿ ಕಂಪನದ ಅಂಕಿಯಿರುತ್ತದೆ. ಯುರೋಪಿನಲ್ಲಿ 2002ರ ನಿಯಮದಂತೆ ಎಂಟು ಗಂಟೆಯ ಕೆಲಸಕ್ಕೆ 5 ಎಂಬುದೇ ಮೇಲ್ಮಿತಿ. ಅಂಕಿ 10 ಇದ್ದರೆ ನಾಲ್ಕು ಗಂಟೆಯಲ್ಲ, ಎರಡೇ ಗಂಟೆ ಹಿಡಿಯಬೇಕು. ಕಂಪನ ಇಮ್ಮಡಿಯಾದರೆ ಹೊತ್ತು ಕಾಲುಭಾಗಕ್ಕೆ ಇಳಿಯುತ್ತದೆ.

ಬಾರಿನ ತುದಿಯ ಮೇಲ್ಭಾಗ ಕೊಂಬೆಗೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಮುಖದತ್ತ ಹಾರುತ್ತದೆ. ಆಗ ಎಡಗೈಯ ಮುಂದಿನ ತಡೆಯು ಸರಿದು ಚೈನನ್ನು ನಿಲ್ಲಿಸಬೇಕು. ಈ ಬ್ರೇಕು ಇಲ್ಲದ ಯಂತ್ರವನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬಾರದು. ಲುಂಗಿ ಅಥವಾ ಧೋತರ ಉಟ್ಟು, ಬರಿಗಾಲಲ್ಲಿ ನಿಂತು, ಒಂದೇ ಕೈಯಲ್ಲಿ ಹಿಡಿದು ಕೊಯ್ಯುವುದನ್ನು ನಮ್ಮ ಕಡೆ ಕಾಣುತ್ತೇವೆ. ಭಾರವಾದ ಗರಗಸ ದಣಿದ ಕೈಯಲ್ಲಿ ಮೊದಲು ಜಾರುವುದು ತೊಡೆಯ ಮೇಲೆ.

ಬ್ಯಾಟರಿಯ ಗರಗಸಗಳೂ ಬಂದಿವೆ. ಹೊಗೆಯಿಲ್ಲ, ಹಗುರ, ಸದ್ದು ಕಡಿಮೆ. ಆದರೆ 36 ವೋಲ್ಟ್, 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 144 ವ್ಯಾಟ್-ಗಂಟೆ. ಒಂದು ಕಿಲೋವ್ಯಾಟಿನಂತೆ ಬಿಡದೆ ಕೊಯ್ದರೆ ಒಂಬತ್ತು ನಿಮಿಷ ತುಂಬದು. ಹಿತ್ತಲ ಕೊಂಬೆಗೆ ಒಳ್ಳೆಯದು, ಕರೆಂಟಿಲ್ಲದ ಹೊಲಕ್ಕಲ್ಲ.

ಯಾವ ಗರಗಸವಾದರೂ ಮೊಂಡ ಚೈನು ಅದರ ಬಲವನ್ನು ನುಂಗಿಬಿಡುತ್ತದೆ. ಇಂದಿನ ಹಲ್ಲಿನ ಆಕಾರವನ್ನು ಅಮೆರಿಕದ ಜೋಸೆಫ್ ಕಾಕ್ಸ್ ಎಂಬವರು 1946ರ ಸುಮಾರಿಗೆ ಮರ ಕೊರೆಯುವ ಹುಳುವಿನ ದವಡೆ ನೋಡಿ ರೂಪಿಸಿದರು. ಹುಳುವಿನಂತೆ ಅದೂ ಚಕ್ಕೆ ಎಬ್ಬಿಸಬೇಕು. ಚಕ್ಕೆಯ ಬದಲು ಹಿಟ್ಟು ಉದುರತೊಡಗಿದರೆ ಅರ ಹಿಡಿಯುವ ಹೊತ್ತಾಯಿತು.

ಅಂಗಡಿಗೆ ಹೋಗುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ವಿಚಾರ ಕೇಳಿರಿ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ನೀಲಗಿರಿ, ಸರ್ವೆ, ಸುಬಾಬುಲ್ಲಿನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ನಿಮ್ಮ ಮರಕ್ಕೆ ಅನುಮತಿ ಬೇಕೇ ಎಂದು ಅರಣ್ಯ ಕಚೇರಿಯಲ್ಲಿ ವಿಚಾರಿಸಿರಿ. ಅಂಗಡಿಯಲ್ಲಿ ಬಾರು, ಚೈನು ಹಾಕಿಸಿ, ಟಾಕಿ ತುಂಬಿಸಿ, ಎಂಜಿನು ಬಂದಾಗಿರುವಾಗಲೇ ಎರಡೂ ಕೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದು ಐದು ನಿಮಿಷ ನಿಂತು ನೋಡಿರಿ. ತೋಳು ನಡುಗಿದರೆ ಅದಕ್ಕಿಂತ ಚಿಕ್ಕದನ್ನು ತೋರಿಸೆಂದು ಹೇಳಿರಿ.