ಹುಟ್ಟಿನ ನ್ಯೂನತೆಗಳಿಗೂ ಲೆಕ್ಕ ಬೇಕೆ?

ಮಿದುಳು ಬೆಳೆಯದೆ, ತಲೆಬುರುಡೆಯ ಮೇಲ್ಭಾಗವೇ ಇಲ್ಲದೆ ಮಗು ಹುಟ್ಟುವುದು ಅಪರೂಪ. ಅನೆನ್‌ಸೆಫಲಿ ಎಂದು ಕರೆಯುವ ಈ ಸ್ಥಿತಿಯಲ್ಲಿ ಶಿಶು ಸತ್ತೇ ಹುಟ್ಟಬಹುದು. ಜೀವಂತ ಹುಟ್ಟಿದರೂ ಸಾಮಾನ್ಯವಾಗಿ ಕೆಲವು ಗಂಟೆ ಅಥವಾ ಕೆಲವು ದಿನ ಮಾತ್ರ ಬದುಕುತ್ತದೆ. 1991ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಬ್ರೌನ್ಸ್‌ವಿಲ್ ಎಂಬ ಊರಿನ ಒಂದೇ ಆಸ್ಪತ್ರೆಯಲ್ಲಿ 36 ಗಂಟೆಗಳೊಳಗೆ ಇಂಥ ಮೂರು ಶಿಶುಗಳು ಹುಟ್ಟಿದವು.

ಬ್ರೌನ್ಸ್‌ವಿಲ್ ಮೆಕ್ಸಿಕೊ ಗಡಿಯಲ್ಲಿ, ರಿಯೊ ಗ್ರಾಂಡೆ ನದಿಯ ದಂಡೆಯ ಮೇಲಿದೆ. ಆಚೆ ದಡದ ಕಾರ್ಖಾನೆಗಳ ವಿಷವೇ ಇದಕ್ಕೆ ಕಾರಣವೆಂದು ಜನ ಶಂಕಿಸಿದರು. ಆದರೆ ತನಿಖೆಗೆ ಬಂದವರಿಗೆ ಮೊದಲು ಎದುರಾದದ್ದು ಬೇರೆಯೇ ಪ್ರಶ್ನೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಇಂಥ ಎಷ್ಟು ಶಿಶುಗಳು ಹುಟ್ಟುತ್ತವೆ? ಹಿಂದಿನ ವರ್ಷ ಎಷ್ಟು? ಟೆಕ್ಸಾಸ್‌ನಲ್ಲಿ ಆಗ ಇದರ ದಾಖಲೆಯನ್ನು ಕ್ರಮವಾಗಿ ಇಡುವ ವ್ಯವಸ್ಥೆಯೇ ಇರಲಿಲ್ಲ. ಹಳೆಯ ಆಸ್ಪತ್ರೆ ಕಾಗದಗಳನ್ನು ತೆಗೆದು ಎಣಿಸಬೇಕಾಯಿತು. ಸಂಖ್ಯೆ ಹೆಚ್ಚಿದೆಯೆಂಬುದು ತಿಳಿಯಿತು. ನಿಶ್ಚಿತ ಕಾರಣ ಮಾತ್ರ ಸಿಗಲಿಲ್ಲ.

ಇಂಥದೇ ಪಾಠವನ್ನು ಜಗತ್ತು ಅದಕ್ಕೆ ಮೂವತ್ತು ವರ್ಷ ಮೊದಲೇ ದುಬಾರಿ ಬೆಲೆ ತೆತ್ತು ಕಲಿತಿತ್ತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಗರ್ಭಿಣಿಯರೂ ಸೇವಿಸಿದರು. ಕೈಕಾಲು ಬೆಳೆಯದ ಮಕ್ಕಳು ಅಲ್ಲೊಂದು ಇಲ್ಲೊಂದು ಹುಟ್ಟತೊಡಗಿದವು. ಪ್ರತಿ ವೈದ್ಯರೂ ತಮ್ಮೆದುರಿನ ಒಂದು ಮಗುವನ್ನು ಕಂಡು ದುರದೃಷ್ಟವೆಂದುಕೊಂಡರು. 1961ರಲ್ಲಿ ಹ್ಯಾಂಬರ್ಗ್‌ನ ಮಕ್ಕಳ ತಜ್ಞ ವಿಡುಕಿಂಡ್ ಲೆನ್ಸ್ ಮತ್ತು ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಬೇರೆ ಬೇರೆಯಾಗಿ ಈ ಮಾತ್ರೆಯತ್ತ ಬೆರಳು ತೋರಿಸುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಪ್ರಪಂಚದಾದ್ಯಂತ ಸುಮಾರು 10,000 ಮಕ್ಕಳು ಬಾಧಿತರಾದರೆಂದು ಅಂದಾಜು. ಆ ಬಳಿಕವೇ ಹಲವು ದೇಶಗಳು ಜನ್ಮಜಾತ ನ್ಯೂನತೆಗಳ ದಾಖಲಾತಿಗೆ ಕೈಹಾಕಿದವು. ಅಟ್ಲಾಂಟಾ ನಗರ ಪ್ರದೇಶದ ದಾಖಲಾತಿ 1967ರಲ್ಲಿ ಆರಂಭವಾಯಿತು.

ಬ್ರೌನ್ಸ್‌ವಿಲ್ ಘಟನೆಯ ನಂತರ 1993ರಲ್ಲಿ ಟೆಕ್ಸಾಸ್ ಶಾಸನಸಭೆ ಕಾನೂನು ಮಾಡಿತು. 1999ರ ಹೊತ್ತಿಗೆ ದಾಖಲಾತಿ ರಾಜ್ಯದುದ್ದಕ್ಕೂ ಹಬ್ಬಿತು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ನಿಯಮವಿಲ್ಲ, ಒಂದೊಂದು ರಾಜ್ಯದ್ದು ಒಂದೊಂದು ಬಗೆ. ಕೆಲವೆಡೆ ಆಸ್ಪತ್ರೆಯೇ ವರದಿ ಕಳಿಸಬೇಕು. ಟೆಕ್ಸಾಸ್‌ನಲ್ಲಿ ಆರೋಗ್ಯ ಇಲಾಖೆಯ ಸಿಬ್ಬಂದಿಯೇ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ ಬರೆದುಕೊಳ್ಳುತ್ತಾರೆ. ಎರಡನೆಯ ಕ್ರಮ ಖರ್ಚಿನದಾದರೂ ಹೆಚ್ಚು ನಂಬಲರ್ಹ. ಹೆರಿಗೆ ವಾರ್ಡಿನ ಗಡಿಬಿಡಿಯಲ್ಲಿ ಇನ್ನೊಂದು ಫಾರಂ ತುಂಬಲು ಯಾರಿಗೆ ಪುರುಸೊತ್ತು?

ಇಲ್ಲಿ ಎರಡು ಸೂಕ್ಷ್ಮಗಳಿವೆ. ಹೃದಯದ ರಂಧ್ರದಂಥ ದೋಷ ಹುಟ್ಟಿದ ದಿನ ಕಾಣದೇ ಇರಬಹುದು. ಆದ್ದರಿಂದ ಸಾಮಾನ್ಯವಾಗಿ ಮೊದಲ ಹುಟ್ಟುಹಬ್ಬದವರೆಗೆ ಪತ್ತೆಯಾದದ್ದನ್ನೆಲ್ಲ ಅಲ್ಲಿ ಸೇರಿಸುತ್ತಾರೆ. ಜೀವಂತ ಹುಟ್ಟಿದ ಮಕ್ಕಳನ್ನಷ್ಟೇ ಎಣಿಸಿದರೂ ಲೆಕ್ಕ ತಪ್ಪುತ್ತದೆ. ಸ್ಕ್ಯಾನಿಂಗ್‌ನಲ್ಲಿ ದೋಷ ಕಂಡು ಗರ್ಭ ತೆಗೆಸಿದರೆ ಅಂಥ ಹುಟ್ಟುಗಳು ಕಡಿಮೆಯಾಗುತ್ತವೆ, ಆದರೆ ಕಾರಣ ಹಾಗೆಯೇ ಉಳಿದಿರುತ್ತದೆ. ಹೆಸರು ಬಯಲಾದೀತೆಂಬ ತಂದೆತಾಯಿಯರ ಅಳುಕು ಸಹಜವೇ. ಈ ದಾಖಲೆಗಳನ್ನು ಗೋಪ್ಯವಾಗಿಡಬೇಕೆಂದು ಟೆಕ್ಸಾಸ್‌ನ ಕಾನೂನೇ ಹೇಳುತ್ತದೆ. ವರದಿಯೆಂದರೆ ತಾಯಿಯ ಮೇಲಿನ ದೂರಲ್ಲ.

ಲೆಕ್ಕವಿಟ್ಟರೆ ಏನು ಪ್ರಯೋಜನ? ಬ್ರೌನ್ಸ್‌ವಿಲ್ ಘಟನೆ ನಡೆದ ಅದೇ 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ಮಹತ್ವದ ಅಧ್ಯಯನ ಪ್ರಕಟಿಸಿತು. ಹಿಂದೆ ನರನಾಳದ ದೋಷವಿರುವ ಮಗುವನ್ನು ಹೆತ್ತ ತಾಯಂದಿರು ಗರ್ಭ ಧರಿಸುವ ಮೊದಲಿನಿಂದ ಫೋಲಿಕ್ ಆಮ್ಲ ಸೇವಿಸಿದಾಗ, ಅದೇ ದೋಷ ಮರುಕಳಿಸುವುದು ಸುಮಾರು ಮುಕ್ಕಾಲು ಪಾಲು ತಗ್ಗಿತ್ತು. ಮಿದುಳು, ಬೆನ್ನುಹುರಿಗಳು ರೂಪುಗೊಳ್ಳುವುದು ಈ ನರನಾಳದಿಂದಲೇ. 1998ರಿಂದ ಅಮೆರಿಕದಲ್ಲಿ ಪೌಷ್ಟಿಕಾಂಶ ಸೇರಿಸಿ ಮಾರುವ ಗೋಧಿ ಹಿಟ್ಟಿಗೆ, ಬ್ರೆಡ್ಡಿಗೆ ಇದನ್ನು ಬೆರೆಸುವುದು ಕಡ್ಡಾಯವಾಯಿತು, ದೋಷಗಳೂ ಇಳಿದವು. ಗಡಿಯ ಮೆಕ್ಸಿಕನ್ ಮೂಲದ ಜನರ ಮುಖ್ಯ ಆಹಾರವಾದರೋ ಮೆಕ್ಕೆಜೋಳದ ರೊಟ್ಟಿ. ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷಾಂಶಕ್ಕೂ ಈ ದೋಷಕ್ಕೂ ಸಂಬಂಧವಿರಬಹುದೆಂದು 2006ರ ಅಧ್ಯಯನವೊಂದು ಸೂಚಿಸಿತು. ಆ ಹಿಟ್ಟಿಗೂ ಫೋಲಿಕ್ ಆಮ್ಲ ಬೆರೆಸಲು ಅನುಮತಿ ದೊರೆತದ್ದು 2016ರಲ್ಲಿ.

ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನವಜಾತ ಶಿಶುವಿನ ತಪಾಸಣೆ ನಡೆಯುತ್ತದೆ. ನರನಾಳದ ದೋಷ, ಡೌನ್ ಸಿಂಡ್ರೋಮ್, ಸೀಳುತುಟಿ, ಸೊಟ್ಟಪಾದ, ಸೊಂಟದ ಕೀಲಿನ ದೋಷ, ಹುಟ್ಟು ಕಣ್ಣಿನ ಪೊರೆ, ಕಿವುಡು, ಹೃದಯದ ದೋಷಗಳು ಅದರ ಪಟ್ಟಿಯಲ್ಲಿವೆ. ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿ ಹೆರಿಗೆಯಾದಾಗ ನೋಡಬೇಕು, ಆಶಾ ಕಾರ್ಯಕರ್ತೆ ಆರು ವಾರದವರೆಗೆ ಮನೆಗೆ ಬಂದು ನೋಡಬೇಕು. ಆಕೆ ಬಂದಾಗ ಮಗುವನ್ನು ಸೆರಗಿನಲ್ಲಿ ಮುಚ್ಚಿಡುವ ಮನೆಗಳು ಇನ್ನೂ ಇವೆ. ಸೀಳುತುಟಿಯನ್ನು ಕಂಡು, ಗ್ರಹಣದ ದಿನ ಬಸುರಿ ಹೊರಗೆ ಬಂದಳೆಂದು ಅತ್ತೆ ಸೊಸೆಯನ್ನು ದೂರುವುದೂ ನಿಂತಿಲ್ಲ. ಗ್ರಹಣಕ್ಕೂ ತುಟಿಗೂ ಯಾವ ಸಂಬಂಧವೂ ಇಲ್ಲ.

ನರನಾಳ ಮುಚ್ಚಿಕೊಳ್ಳುವುದು ಗರ್ಭಧಾರಣೆಯ ನಂತರ ಸುಮಾರು 28 ದಿನಗಳೊಳಗೆ. ಎಷ್ಟೋ ಮಂದಿಗೆ ಆಗಿನ್ನೂ ತಾವು ಗರ್ಭಿಣಿಯೆಂಬುದೇ ಗೊತ್ತಿರುವುದಿಲ್ಲ. ಮೂರನೆಯ ತಿಂಗಳಲ್ಲಿ ಶುರುವಾಗುವ ಮಾತ್ರೆ ಈ ದೋಷವನ್ನು ತಡೆಯಲಾರದು. ಮಗು ಬೇಕೆಂದು ಯೋಚಿಸುವಾಗಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಆರಂಭವಾಗಬೇಕು. ಹಿಂದೆ ಇಂಥ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಮೂರ್ಛೆರೋಗದ ಕೆಲವು ಔಷಧಿಗಳೂ, ಮುಖ್ಯವಾಗಿ ವಾಲ್‌ಪ್ರೊಯೇಟ್, ಭ್ರೂಣಕ್ಕೆ ಹಾನಿ ಮಾಡಬಲ್ಲವು. ಆದರೆ ತಾವಾಗಿಯೇ ಅದನ್ನು ನಿಲ್ಲಿಸುವುದು ಅಪಾಯ, ಮೊದಲೇ ವೈದ್ಯರನ್ನು ಕೇಳಿ. ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲಿ ಬಂದ ಜ್ವರ, ದದ್ದು, ನುಂಗಿದ ಮಾತ್ರೆಗಳ ಹೆಸರನ್ನು ತಾಯಿ ಕಾರ್ಡಿನ ಜೊತೆ ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಿಂದ ಹೊರಡುವ ಮೊದಲು ಮಗುವನ್ನು ಬಟ್ಟೆ ಬಿಚ್ಚಿ ತಲೆಯಿಂದ ಪಾದದವರೆಗೆ ಪರೀಕ್ಷಿಸುವಂತೆ ಕೇಳಿ. ಸೊಟ್ಟಪಾದಕ್ಕೆ ಮೊದಲ ಕೆಲವು ವಾರಗಳಲ್ಲೇ ಪ್ಲಾಸ್ಟರ್ ಹಾಕಲು ಶುರುಮಾಡಿದರೆ ಬಹುಪಾಲು ಮಕ್ಕಳು ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆಯೇ ನೆಟ್ಟಗೆ ನಡೆಯುತ್ತಾರೆ.